ಕಾವಲು ಬಿಡಿಸುವ ಮಾತು

"ಓಡು ಅಕ್ಕಾ, ಬೆಟ್ಟ ನುಂಗಿ ಬೆಟ್ಟಾನೇ ತೇಗೋ ರಾಕ್ಷಸ ಬರ್ತಿದಾನೆ!" ದಾಳ ಕುಲುಕುತ್ತಾ ತಮ್ಮ ಕೂಗಿದ. ಅಕ್ಕ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆ ಮಾಯಾರಾಜ್ಯದ ಆಟದಲ್ಲಿ ಅವಳದು ಕಾವಲಿನ ಕುಲ. ಇನ್ನೊಬ್ಬರು ಬಂದು ಕಾವಲು ಬಿಡಿಸುವ ಮಾತು ಹೇಳುವವರೆಗೆ ಕೋಟೆಯ ಬಾಗಿಲು ಬಿಡುವಂತಿಲ್ಲ.

"ಇಷ್ಟೊಂದು ಕುಲ ಇರೋವಾಗ ಈ ಗೂಟದ ಕುಲಾನೇ ಬೇಕಿತ್ತಾ? ಮಾಟಗಾತಿ ಆಗಿದ್ರೆ ಪುರ್ರಂತ ಹಾರ್ಬಹುದಿತ್ತು!"

ಅಕ್ಕ ನಕ್ಕಳಷ್ಟೆ. ಬೇರೆ ದಾರಿ ಕಾಣದೆ ತಮ್ಮ ತನ್ನ ಕಾಯಿಯನ್ನು ಅವಳ ಕಾಯಿಯ ಪಕ್ಕಕ್ಕೆ ತಂದಿಟ್ಟು, ಆ ಕುಲದ ಮಾತನ್ನು ದೊರೆಯ ಗತ್ತಿನಲ್ಲಿ ಹೇಳಿದ: "ಇನ್ನು ಕಾವಲು ನಂದು. ನೀನು ಹೋಗಿ ಮಲಗು."

ಅಕ್ಕನ ಕಣ್ಣು ತುಂಬಿ ಬಂತು. ಹಾಸಿಗೆ ಹಿಡಿದಿದ್ದ ಅಮ್ಮನನ್ನು ಕೊನೆಯುಸಿರಿನವರೆಗೆ ಒಬ್ಬಳೇ ನೋಡಿಕೊಂಡವಳು ಅವಳು.

"ಅಮ್ಮ ಇದ್ದಾಗ ಒಂದೇ ಒಂದ್ಸಲ ಈ ಮಾತು ಹೇಳಿದ್ರೆ ಸಾಕಿತ್ತು ಕಣೋ."