ಕಿವಿಯಲ್ಲಿದ್ದವನು

ಮತ್ತೆ ಅವನೇ.

ಗಾಜು ಕೊಯ್ಯುತ್ತಿದ್ದ ಫ್ರೇಮಪ್ಪ ಕೈ ತಡೆದು ಒಳಬಾಗಿಲ ಕಡೆ ನೋಡಿದ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದಳು. ಒಂದು ಕಿವಿಯಲ್ಲಿ ಇಯರ್‌ಫೋನ್. ಯಾರೋ ಗುಟ್ಟು ಹೇಳಿದಂತೆ ತುಟಿ ಕಚ್ಚಿ ನಗುತ್ತಿದ್ದಳು. ಮಡಚುತ್ತಿದ್ದದ್ದು ಇವನ ಅಂಗಿ, ನಗುತ್ತಿದ್ದದ್ದು ಅವನ ಮಾತಿಗೆ.

ಗಾಜು ಗೆರೆ ಬಿಟ್ಟು ಅಡ್ಡಡ್ಡ ಒಡೆಯಿತು.

ಬೇರೆಯವರ ಮದುವೆ, ಬೇರೆಯವರ ಮಕ್ಕಳು, ಬೇರೆಯವರ ಪದವಿಗಳಿಗೆ ನಾಲ್ಕು ಪಟ್ಟಿ ಬಡಿದು ಗೋಡೆಗೇರಿಸುವುದು ಅವನ ಕಸುಬು. ಅದಕ್ಕೇ ಬೀದಿಯವರು ಇಟ್ಟ ಹೆಸರು ಫ್ರೇಮಪ್ಪ. ಗಂಟಲ ಆಪರೇಷನ್ ಆದಮೇಲೆ ಅವನ ದನಿ ಮರಕ್ಕೆ ಉಪ್ಪುಕಾಗದ ತಿಕ್ಕಿದ ಹಾಗೆ ಬರುತ್ತಿತ್ತು. ತಿಕ್ಕುತ್ತಿರುವುದು ಚೌಕಟ್ಟನ್ನೋ ಮಾತನ್ನೋ ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ, ಸದ್ದಿಲ್ಲದೆ.

ಈ ಮದುವೆಗೆ ಆ ದನಿಯೇ ದಲ್ಲಾಳಿ. ತಪಾಸಣೆಗೆ ಸಮಯ ಕೇಳಲು ಆಸ್ಪತ್ರೆಗೆ ಫೋನ್ ಮಾಡಿದಾಗಲೆಲ್ಲ ಲೈನ್ ಕೆಟ್ಟಿದೆಯೆಂದು ಇಟ್ಟುಬಿಡುತ್ತಿದ್ದರು. ಒಂದು ದಿನ ಬೇರೊಬ್ಬ ಆಪರೇಟರ್ ಎತ್ತಿದಳು. ಅವನು ಮಾತು ಕೂಡಿಸಿಕೊಳ್ಳುವ ತನಕ ಕಾದಳು. ‘ನಿಧಾನವಾಗಿ ಹೇಳಿ, ನಾನೆಲ್ಲೂ ಹೋಗಲ್ಲ’ ಎಂದಳು. ಐವತ್ತು ದಾಟಿದ ಇಬ್ಬರ ಪ್ರೇಮ ಶುರುವಾದದ್ದು ಇಷ್ಟರಲ್ಲೇ. ಬೆಳದಿಂಗಳಿಲ್ಲ, ಕೊಳಲಿಲ್ಲ, ಹಿನ್ನೆಲೆಯಲ್ಲಿ ಯಾರದೋ ಎಕ್ಸ್-ರೇ ತಯಾರಾಗಿದೆಯೆಂದು ಕೂಗುತ್ತಿದ್ದರು.

ಈಗಲೂ ಅವಳು ಅದೇ ಕುರ್ಚಿಯಲ್ಲಿದ್ದಳು. ಸಂಜೆ ಊಟಕ್ಕೆ ಕೂತರೆ ಇಡೀ ಆಸ್ಪತ್ರೆಯೇ ಅವಳ ಬಾಯಲ್ಲಿ ಬಂದು ಕೂರುತ್ತಿತ್ತು. ಮೂಗಿನಲ್ಲೇ ಆಜ್ಞೆ ಹೊರಡಿಸುವ ಸರ್ಜನ್, ಹಲೋ ಅನ್ನುವ ಮೊದಲು ನಾಲಿಗೆ ಲೊಚಗುಟ್ಟಿಸುವ ಮೇಟ್ರನ್. ಯಾರು ಬಾಯಿ ತೆರೆಯುವ ಮೊದಲು ಏನು ಮಾಡುತ್ತಾರೆಂಬುದೆಲ್ಲ ಅವಳಿಗೆ ಕಂಠಪಾಠ. ಫ್ರೇಮಪ್ಪ ನಕ್ಕೂ ನಕ್ಕೂ ಕೆಮ್ಮುತ್ತಿದ್ದ.

ಆ ನಗು ನಿಂತದ್ದು ಅವನು ಬಂದಮೇಲೆ.

ಅವಳು ಎಂದೂ ಕಾದಂಬರಿ ಮುಟ್ಟಿದವಳಲ್ಲ. ಹೋದ ತಿಂಗಳು ಜೊತೆಯ ಆಪರೇಟರ್ ಅವಳ ಫೋನಿಗೆ ಪ್ರೇಮ ಕಾದಂಬರಿಗಳ ಓದನ್ನು ಹಾಕಿಕೊಟ್ಟಿದ್ದಳು. ಒಂದು ಕಾಲಕ್ಕೆ ಕ್ಯಾಸೆಟ್ಟುಗಳಲ್ಲಿ ಮನೆಮನೆ ಹೊಕ್ಕಿದ್ದ ಓದು. ಓದಿದವನ ಹೆಸರು ಹಾಕಿರಲಿಲ್ಲ. ಫ್ರೇಮಪ್ಪನಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ಮೊದಲ ದಿನ ಅವಳು ಫೋನನ್ನು ಗಟ್ಟಿಯಾಗಿ ಹಚ್ಚಿದಾಗ ಮೊದಲ ವಾಕ್ಯಕ್ಕೇ ಗುರುತು ಹತ್ತಿತ್ತು.

ತುಪ್ಪ ಸುರಿದಂಥ ದನಿ. ‘ನೀನಿಲ್ಲದ ಲೋಕದಲ್ಲಿ ಸೂರ್ಯನಿಗೇನು ಕೆಲಸ?’ ಎಂದು ಅದು ಕೇಳಿದರೆ ಸೂರ್ಯ ರಾಜೀನಾಮೆ ಬರೆದು ಮನೆಗೆ ಹೋಗಬೇಕು. ಆದರೆ ಆ ಮನುಷ್ಯನನ್ನು ಫ್ರೇಮಪ್ಪ ಬಲ್ಲ. ಬೆರಳ ಸಂದಿಯ ಸಿಗರೇಟು ಆರಿದ್ದೇ ಇಲ್ಲ. ಮೈಕಿನ ಮುಂದೆ ಪ್ರಾಣ ಕೊಡುವ ಗಂಡಸು, ಮನೆಯಲ್ಲಿ ಜ್ವರ ಬಂದು ಮಲಗಿದವಳಿಗೆ ಒಂದು ಲೋಟ ನೀರು ಕೊಟ್ಟವನಲ್ಲ. ಫ್ರೇಮಪ್ಪನ ಮೊದಲ ಹೆಂಡತಿಯೂ ಇದೇ ದನಿಗೆ ಮರುಳಾಗಿದ್ದಳು. ಆ ಸಂಸಾರ ಒಡೆದದ್ದು ಅವನಿಂದಲೇ.

ಈಗ ಇವಳು. ಪ್ರೇಮವೆಲ್ಲ ಅವನ ಪಾಲಿಗೆ, ಫ್ರೇಮು ಮಾತ್ರ ನನ್ನ ಪಾಲಿಗೆ ಎಂದುಕೊಂಡು ಒಂದು ಮೊಳೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಡಿದ.

ಪೈಪೋಟಿಗೂ ಇಳಿದು ನೋಡಿದ. ಒಂದು ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಎದುರು ನಿಂತು, ಉಪ್ಪುಕಾಗದದಲ್ಲೇ ಆ ಸೂರ್ಯನ ಮಾತನ್ನು ಹೇಳಿದ. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಹಣೆ ಮುಟ್ಟಿ ಜ್ವರ ಇಲ್ಲವೆಂದು ಖಚಿತ ಮಾಡಿಕೊಂಡು, ಮಾತ್ರೆ ಮರೆಯಬೇಡಿ ಎಂದು ಹೇಳಿ ಹೋದಳು.

ಇನ್ನೂ ಉರಿಸಿದ್ದು ಬೇರೆ. ಕಥೆ ಮುಂದೆ ಹೋಗುತ್ತಲೇ ಇರಲಿಲ್ಲ. ಕದ್ದು ಅವಳ ಫೋನ್ ನೋಡಿದರೆ ಯಾವಾಗಲೂ ಅದೇ ಅಧ್ಯಾಯ, ಆ ಸೂರ್ಯನ ಮಾತಿಗೆ ಕೊಂಚ ಹಿಂದೆ. ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿದ್ದಳು. ಒಂದು ಸಂಜೆ ಸರ್ಜನ್, ಮೇಟ್ರನ್ ಮುಗಿದಮೇಲೆ ಕಿವಿಯಲ್ಲಿದ್ದವನ ಅಣಕಕ್ಕೂ ಕೈ ಹಾಕಿದಳು. ಎದೆಯುಬ್ಬಿಸಿ, ಮೂಗಿನಲ್ಲಿ ಒಂದು ಚೂರು ಉಸಿರೆಳೆದು, ತಡೆದು, ಮಾತೇ ಆಡದೆ ಗಂಡನ ಮುಖ ನೋಡಿ ನಕ್ಕುಬಿಟ್ಟಳು. ಫ್ರೇಮಪ್ಪ ಅರ್ಧ ತಟ್ಟೆ ಬಿಟ್ಟು ಎದ್ದ.

ಭಾನುವಾರ ಬೆಳಿಗ್ಗೆ ಫ್ರೇಮಪ್ಪ ಒಲೆಯ ಮೇಲೆ ಹಾಲಿಟ್ಟಿದ್ದ. ರಜೆಯ ದಿನದ ಕಾಫಿ ಅವನದೇ. ಅವಳು ಮೇಜಿನ ಬಳಿ ಕೂತು, ಕಿವಿಯಲ್ಲಿ ಅವನನ್ನಿಟ್ಟುಕೊಂಡೇ ಕೇಳಿದಳು:

“ಇವನು ನಿಮಗೆ ಗೊತ್ತಲ್ವಾ?”

ಅವನು ತಿರುಗಿದ. “ಗೊತ್ತಿತ್ತು.”

“ಹಾಗಾದ್ರೆ ಒಂದಿನ ಊಟಕ್ಕೆ ಕರೀರಿ.”

“ಅವನು ಬಂದ್ರೆ ನನಗೆ ತಟ್ಟೆ ಹಾಕ್ಬೇಡ.”

“ಅಷ್ಟು ಹೊಟ್ಟೆಕಿಚ್ಚಾ ರೀ?”

ಇವತ್ತು ಮುಗಿಸಿಬಿಡಬೇಕು ಅನ್ನಿಸಿತು. ಅತ್ತರೆ ಅಳಲಿ. ಆ ದನಿಯ ಸೂತಕ ಒಮ್ಮೆ ಕಳೆದರೆ, ಆಮೇಲಾದರೂ ಇವಳು ತನ್ನವಳಾಗಿರುತ್ತಾಳೆ. ಸುಳ್ಳೂ ಅಲ್ಲ. ಅವನು ಉಸಿರೆಳೆದುಕೊಂಡ.

“ಬರಲ್ಲ. ಸತ್ತುಹೋದ.”

“ಅಯ್ಯೋ. ಏನಾಗಿ?”

“ಗಂಟಲು.”

ಅವಳು ಅಳಲಿಲ್ಲ. ಎದ್ದು ಬಂದು ಇಯರ್‌ಫೋನ್ ಬಿಚ್ಚಿ ಅವನ ಕಿವಿಗಿಟ್ಟಳು. ಆ ಅಧ್ಯಾಯ, ಆ ಜಾಗ, ಸೂರ್ಯನ ಮಾತಿಗೆ ಮುಂಚೆ ಮೂಗಿನಲ್ಲೆಳೆದು ತಡೆದ ಒಂದು ಚೂರು ಉಸಿರು. ಅಷ್ಟಕ್ಕೇ ನಿಲ್ಲಿಸಿದಳು.

“ಅವತ್ತು ನೀವು ಆಸ್ಪತ್ರೆಗೆ ಫೋನ್ ಮಾಡಿದಾಗ ಮಾತಿಗಿಂತ ಮುಂಚೆ ಇದೇ ಉಸಿರು ಕೇಳಿಸಿತ್ತು, ಈಗ ಸುಳ್ಳು ಹೇಳೋ ಮುಂಚೇನೂ ಕೇಳಿಸ್ತು, ಸತ್ತಿಲ್ಲ ಕಣ್ರೀ ನೀವು, ತಿರುಗಿ ಹಾಲಿಳಿಸಿ, ಉಕ್ತಾ ಇದೆ.”