ಟ್ಯಾಂಕ್ ಏರಿ ಕುಳಿತ ಬೆಟ್ಟಯ್ಯ

“ಅಯ್ಯೋ, ನಮ್ಮನೆಯವ್ರು ನೆಗೆದ್ಬುಡ್ತಾರೆ ಕಣ್ರಪ್ಪೋ!”

ಗುರುಮಲ್ಲಮ್ಮನ ಕೂಗಿಗೆ ಬಸವನಪೇಟೆಯ ಬೀದಿಯೆಲ್ಲ ಓಡಿಬಂತು. ಈರುಳ್ಳಿ ಹೊತ್ತು ಗುಂಡ್ಲುಪೇಟೆಗೆ ಹೊರಟಿದ್ದ ಲಾರಿಗಳೂ ನಿಂತವು. ಕತ್ತೆತ್ತಿ ನೋಡಿದರೆ ಊರಿನ ಹಳೇ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಅವಳ ಗಂಡ, ವಾಟರ್‌ಮನ್ ಬೆಟ್ಟಯ್ಯ. ಪಂಚೆ ಗಾಳಿಗೆ ಹಾರುತ್ತಿತ್ತು. ಏನೋ ಅರಚುತ್ತಿದ್ದ. ಅಷ್ಟೆತ್ತರದ ಮಾತು ಈ ಗದ್ದಲದಲ್ಲಿ ಯಾರಿಗೆ ಕೇಳಬೇಕು?

“ಹೊಸ ಟ್ಯಾಂಕಿನ ಕೆಲ್ಸ ಸುರುವಾಗೋಗಂಟ ಅವ್ರು ಇಳಿಯಾಕಿಲ್ಲ!” ಎಂದಳು ಗುರುಮಲ್ಲಮ್ಮ.

ಊರು ಬೆರಗಾಯಿತು. ಬೆಟ್ಟಯ್ಯ ಎಂದರೆ ಸಭೆಯಲ್ಲಿ ಕೆಮ್ಮಲೂ ಅಪ್ಪಣೆ ಕೇಳುವ ಆಸಾಮಿ. ಆದರೆ ಸಿಟ್ಟಿಗೆ ಕಾರಣವಂತೂ ಇತ್ತು. ಟ್ಯಾಂಕಿನ ಕಂಬಗಳಲ್ಲಿ ಕಬ್ಬಿಣ ಹೊರಗೆ ಕಾಣುತ್ತಿತ್ತು. ಹತ್ತುವ ಮೆಟ್ಟಿಲುಗಳು ತುಕ್ಕು ತಿಂದು ಕೆಳಗಿನ ಅರ್ಧ ಉದುರಿಹೋಗಿದ್ದವು. ಹೋದ ತಿಂಗಳು ಗಾರೆಯ ಹೆಂಟೆಯೊಂದು ಕಳಚಿ ಚಿಕ್ಕನಿಂಗಮ್ಮನ ಬಿಂದಿಗೆಗೆ ಬಿದ್ದಿತ್ತು. ಒಂದು ಗೇಣು ಈಚೆಗಾಗಿದ್ದರೆ ಅವಳ ತಲೆ.

ಹೊಸದಕ್ಕೆ ದುಡ್ಡು ಬಂದಿತ್ತು. ಜೆಸಿಬಿಯೂ ಬಂದು ನಿಂತಿತ್ತು. ಬಾರದೆ ಉಳಿದವರು ಮಂತ್ರಿಗಳು ಮಾತ್ರ. ಗುದ್ದಲಿ ಪೂಜೆ ಮಂತ್ರಿಗಳ ಕೈಯಿಂದಲೇ ಆಗಬೇಕು, ಪಕ್ಕದಲ್ಲಿ ನಿಂತು ತಾವು ಫೋಟೊದಲ್ಲಿ ಬರಬೇಕು ಎಂಬುದು ಪಂಚಾಯ್ತಿ ಅಧ್ಯಕ್ಷ ಶಿವರುದ್ರಸ್ವಾಮಿಯವರ ಹಟ. ಆ ಒಂದು ಫೋಟೊಗಾಗಿ ಊರಿನ ತಲೆಗಳೆಲ್ಲ ಆ ಟ್ಯಾಂಕಿನ ಕೆಳಗೇ ಓಡಾಡಿಕೊಂಡಿದ್ದವು.

ಅಧ್ಯಕ್ಷರು ಬೈಕಿನಲ್ಲಿ ಬಂದಿಳಿದರು. “ಇಳಿಯಲಾ ಬೆಟ್ಟ! ಮುಂದಿನ ವಾರ ಮಾಡ್ಸನ!”

ಬೆಟ್ಟಯ್ಯ ಮೇಲಿನಿಂದ ಎರಡೂ ಕೈ ಜೋಡಿಸಿದ.

“ನೋಡಿ ಬುದ್ದಿ, ಊರ್ಗೆಲ್ಲ ಕೊನೇ ಕೈ ಮುಗೀತಾವ್ರೆ,” ಗುರುಮಲ್ಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಬೆಟ್ಟಯ್ಯ ಹೊಟ್ಟೆ ತಟ್ಟಿಕೊಂಡ.

“ಒಟ್ಟೆ ಉರೀತದಂತೆ, ನಿಮ್ಮನ್ನ ಕಂಡು.”

ಯಾರೋ ಲೈನ್‌ಮನ್‌ನ ಏಣಿ ಹೊತ್ತು ತಂದರು. ಅದನ್ನು ಕಂಡದ್ದೇ ತಡ, ಬೆಟ್ಟಯ್ಯ ಮೇಲೆ ಕುಣಿಯತೊಡಗಿದ.

“ಅಯ್ಯಯ್ಯೋ, ಕಂಡ್ರೇನೆ ಇಂಗಾಡ್ತಾವ್ರೆ, ಏಣಿ ಇಟ್ರೆ ಉಳಿದಾರಾ? ಆಚೆ ತಕ್ಕೊಂಡೋಗಿ!” ಎಂದು ಗುರುಮಲ್ಲಮ್ಮ ಅಡ್ಡ ಮಲಗಿಬಿಟ್ಟಳು. ಏಣಿ ಹಿಂದೆ ಸರಿಯಿತು. ಬೆಟ್ಟಯ್ಯ ತಲೆಯ ಮೇಲೆ ಕೈ ಹೊತ್ತು ಕುಳಿತ.

ಅಧ್ಯಕ್ಷರಿಗೆ ಬೆವರು ಕಿತ್ತುಕೊಂಡು ಬಂತು. ಎಸ್‌ಟಿಡಿ ಬೂತಿನಿಂದ ಯಾರೋ ಚಾಮರಾಜನಗರದ ಪತ್ರಿಕೆಯವರಿಗೆ ಫೋನು ಮಾಡಿಯಾಗಿತ್ತಂತೆ. ಫೋಟೊದಲ್ಲಿ ಬರುವ ಆಸೆಯೇನೋ ಇತ್ತು, ಹೆಣದ ಪಕ್ಕದಲ್ಲಿ ಅಲ್ಲ.

“ಆಯ್ತು ಕಣಮ್ಮಿ! ಗುದ್ದಲಿ ಪೂಜೆ ಈಗ್ಲೇ ನಾನೇ ಮಾಡ್ತೀನಿ. ಯಾರಾದ್ರೂ ಕಾಯಿ ಕರ್ಪೂರ ತನ್ರಲಾ...”

“ತಕ್ಕಳಿ.” ಚಿಕ್ಕನಿಂಗಮ್ಮನ ಮಡಿಲಿನಿಂದ ತೆಂಗಿನಕಾಯಿ, ಅರಿಸಿನ, ಕುಂಕುಮ, ಕರ್ಪೂರ ಒಂದೊಂದೇ ಹೊರಬಂದವು. ಆ ಗಾಬರಿಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ.

ಕಾಯಿ ಒಡೆಯಿತು. ಅಧ್ಯಕ್ಷರು ಗುದ್ದಲಿ ಹಾಕಿದರು. “ಈಗ ಇಳಿಯಕ್ಕೇಳಮ್ಮಿ.”

“ಗುದ್ದಲಿ ತೋಡಿದ್ದು ನಾಳೆ ಮುಚ್ಚೋಯ್ತದೆ ಬುದ್ದಿ. ಮಿಷಿನ್ ಬುಡ್ಸಿ.”

ಜೆಸಿಬಿ ಗುಡುಗಿತು. ಗುಂಡಿ ಆಳುದ್ದ ಇಳಿದ ಮೇಲೆ ಗುರುಮಲ್ಲಮ್ಮ ಕಣ್ಣೊರೆಸಿಕೊಂಡು, “ಈಗ ಇಡಿ ಏಣಿಯ” ಎಂದಳು.

ಬೆಟ್ಟಯ್ಯ ಇಳಿದ. ಊರು ಹಾರ ಹಾಕಿ ಹೆಗಲ ಮೇಲೆ ಹೊತ್ತು ಮೆರೆಸಿತು. ಅವನು ಬಾಯಿ ತೆರೆದಾಗಲೆಲ್ಲ ಯಾರಾದರೂ ಜೈಕಾರ ಕೂಗುತ್ತಿದ್ದರು. ಗುರುಮಲ್ಲಮ್ಮನಿಗೆ ಈಗ ನಿಜವಾದ ಅಳುವೇ ಬಂತು. ಆ ಶಿಥಿಲವಾದ ಟ್ಯಾಂಕನ್ನು ವಾರವಾರವೂ ಹತ್ತುವ ಗಂಡ ಕೆಳಗಿಳಿಯುವ ತನಕ ಅವಳ ಜೀವ ಕೈಯಲ್ಲಿರುತ್ತಿತ್ತು.

ಮನೆಯಲ್ಲಿ ಮುದ್ದೆಯ ಮುಂದೆ ಕುಳಿತಾಗ ಬೆಟ್ಟಯ್ಯನಿಗೆ ಕೊನೆಗೂ ಮಾತಾಡಲು ಬಿಡುವು ಸಿಕ್ಕಿತು.

“ಬ್ಲೀಚಿಂಗ್ ಪೌಡರ್ ಹಾಕ್ಬುಟ್ಟು ಇಳಿಯನ ಅಂತ ನೋಡ್ತೀನಿ, ನನ್ ಏಣೀನೇ ಇಲ್ಲ ಕಣಮ್ಮಿ! ಏಣಿ ಏಣಿ ಅಂತ ಅಷ್ಟೊತ್ತು ಬಡ್ಕಂಡ್ರೂ ಒಬ್ರೂ ಇಡ್ನಿಲ್ಲ. ಯಾವ ಕಳ್ ನನ್ಮಗ ಒತ್ಕಂಡೋದ್ನೋ!”

ಗುರುಮಲ್ಲಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು. “ಬಯ್ಯಬ್ಯಾಡಿ. ಒಂದು ತುದಿ ಚಿಕ್ಕನಿಂಗಿ ಇಡ್ಕಂಡಿದ್ಲು, ಇನ್ನೊಂದು ತುದಿ ನಾನು.”