ನೂರು ವ್ಯಾಟಿನ ಮಶೀನು

"ನೂರು ವ್ಯಾಟ್ ಅಂತ ಬರದಾರ ನೋಡ ಇದರ ಮ್ಯಾಲ. ಒದರೂದು ನೋಡಿದ್ರ ಮನ್ಯಾಗಿನ ರೇಡಿಯೋದಷ್ಟೂ ಇಲ್ಲ!" ಎನ್ನುತ್ತ ಅಣ್ಣಾಸಾಬ ಆಂಪ್ಲಿಫೈಯರನ್ನು ಧನಪಾಲನ ಮೇಜಿನ ಮೇಲೆ ಕುಕ್ಕಿದ. ಐನಾಪುರದ ಆ ರೇಡಿಯೋ ರಿಪೇರಿ ಅಂಗಡಿಯ ಎದುರು ಅಣ್ಣಾಸಾಬನ ಮೋಟರ್‌ಸೈಕಲ್ ನಿಂತಿತ್ತು. ಹ್ಯಾಂಡಲ್ ಮೇಲೆ ತಗಡಿನ ಭೋಂಗಾ, ಪಕ್ಕದ ಡಬ್ಬಿಯಲ್ಲಿ ಬ್ಯಾಟರಿ. ಅವನ ಹೆಂಡತಿ ತಾರವ್ವ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಸತ್ತವರ ಸುದ್ದಿ, ಟಾಕೀಸಿಗೆ ಬಂದ ಹೊಸ ಪಿಕ್ಚರು, ತಪ್ಪಿಸಿಕೊಂಡ ಎಮ್ಮೆ, ಏನೇ ಇರಲಿ, ಶಿರಗುಪ್ಪಿಯಿಂದ ಐನಾಪುರದವರೆಗೆ ಜನರಿಗೆ ತಿಳಿಯುತ್ತಿದ್ದದ್ದು ಗಾಡಿಯ ಮೇಲೆ ಊರೂರು ತಿರುಗಿ ಭೋಂಗಾದಲ್ಲಿ ಸಾರುವ ಅಣ್ಣಾಸಾಬನ ಬಾಯಿಂದ. ಈಗ ಟಾಕೀಸಿನವರು ಅವನನ್ನು ಬಿಟ್ಟು ಒಬ್ಬ ರಿಕ್ಷಾದವನನ್ನು ಹಿಡಿದಿದ್ದರು. ಅಣ್ಣಾಸಾಬ ದನಿಯ ಗುಂಡಿಯನ್ನು ಕೊನೆಯ ತನಕ ತಿರುವಿ ಒದರುತ್ತಾನೆ, ಮಾತೆಲ್ಲ ಒಡೆದು ಚೂರಾಗುತ್ತದೆ ಎಂಬುದು ಅವರ ತಕರಾರು. ಹಳೆಯ ಮೂವತ್ತು ವ್ಯಾಟಿನ ಮಶೀನಿನ ದಮ್ಮು ಹೋಗಿದೆ, ಅದಕ್ಕೇ ಅಷ್ಟು ತಿರುವಬೇಕಾಗುತ್ತದೆ ಎಂದುಕೊಂಡ ಅಣ್ಣಾಸಾಬ ಮಿರಜಿಗೆ ಹೋಗಿ ಈ ನೂರರದ್ದನ್ನು ತಂದಿದ್ದ. ಇದೂ ಕೈಕೊಟ್ಟರೆ ತನ್ನನ್ನು ಕರೆಯುವವರು ಯಾರು? ಆ ಚಿಂತೆ ಅವನ ನಿದ್ದೆ ಕೆಡಿಸಿತ್ತು.

ಅಂಗಡಿಯಲ್ಲಿ ಯಾವಾಗಲೂ ಒಂದಿಲ್ಲೊಂದು ರೇಡಿಯೋ ಬಡಬಡಿಸುತ್ತಿದ್ದುದರಿಂದ ಧನಪಾಲನಿಗೆ ಕೂಗಿ ಮಾತಾಡುವುದೇ ರೂಢಿ. ಅವನು ಮಶೀನಿನ ಹಿಂದಿನಿಂದ ಫ್ಯೂಜ್ ತೆಗೆದು ಅಣ್ಣಾಸಾಬನ ಮುಖದ ಎದುರು ಹಿಡಿದ.

"ಬರಿಯಾಕೇನ್ರಿ ಕಾಕಾ, ಸಾವಿರ ಅಂತನೂ ಬರೀತಾರ. ಫ್ಯೂಜ್ ನೋಡ್ರಿ, ನಾಕ್ ಆಂಪಿಂದು. ಹನ್ನೆರಡ ವೋಲ್ಟಿನ ಬ್ಯಾಟರಿಯಿಂದ ಒಳಗ ಹೋಗೂದ ಐವತ್ತು ವ್ಯಾಟ್ ಇಲ್ಲ, ಹೊರಗ ನೂರು ಎಲ್ಲಿಂದ ಬರ್ತಾವ? ಖರೇ ಅಂದ್ರ ಇದೂ ಮೂವತ್ತರದ್ದ."

"ಮೂವತ್ತಾದ್ರೂ ಬರಬೇಕಲ್ಲೋ! ಹಳೇದು ಮೊದಲ ಕಬ್ಬಿನ ಹೊಲಾ ದಾಟಿ ಹೋಗ್ತಿತ್ತು. ಇದು ಗಲ್ಲಿ ಸೈತ ದಾಟಂಗಿಲ್ಲ. ಬಾ, ತೋರಸ್ತೀನಿ."

ಮಶೀನಿನ ತಾಕತ್ತು ಅಳೆಯಲು ಈ ಕಡೆಯವರದ್ದು ಒಂದೇ ಪದ್ಧತಿ. ಒಬ್ಬ ಮೈಕಿನಲ್ಲಿ ಮಾತಾಡುತ್ತಲೇ ಇರಬೇಕು, ಇನ್ನೊಬ್ಬ ಅವನಿಗೆ ಬೆನ್ನು ಹಾಕಿ ರಸ್ತೆಗುಂಟ ನಡೆಯಬೇಕು. ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಂತು ಟಾವೆಲ್ ಎತ್ತಬೇಕು. ಯಾವಾಗಲೂ ಮೈಕು ಬಿಡದ ಅಣ್ಣಾಸಾಬ ಅಂದು ತಾನೇ ನಡೆಯುತ್ತೇನೆಂದು ಹಟ ಹಿಡಿದ. "ಮಂದಿ ಮಾತ ಬ್ಯಾಡ, ನನ್ನ ಕಿವೀಲೆ ನಾನ ಕೇಳ್ತೀನಿ" ಎಂದು ಕಾಗವಾಡದ ರಸ್ತೆ ಹಿಡಿದ. ಧನಪಾಲ ಫ್ಯೂಜ್ ಮರಳಿ ಹಾಕಿ, ಮಶೀನನ್ನು ಗಾಡಿಯ ಬ್ಯಾಟರಿಗೆ ಜೋಡಿಸಿ, ಭೋಂಗಾವನ್ನು ಅತ್ತ ತಿರುಗಿಸಿ ಹಲೋ ಹಲೋ ಎನ್ನತೊಡಗಿದ.

ಇನ್ನೂ ಜಾಲಿಮರ ಮುಟ್ಟುವುದರೊಳಗೆ ಅಣ್ಣಾಸಾಬ ನಿಂತ. ಟಾವೆಲ್ ಮೇಲೆದ್ದಿತು. ಕಾಕಾ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡ ಧನಪಾಲನಿಗೂ ಚೇಷ್ಟೆಯ ಹುಕಿ ಬಂತು. "ಕಬ್ಬು ಕಡ್ಯಾಕತ್ತಾವ್ರು ಎಲ್ಲಾರೂ ಚಾಕ್ಕ ಬರ್ರೀ! ರೊಕ್ಕ ಅಣ್ಣಾಸಾಬ ಕಾಕಾಂದು!" ಎಂದು ಮೈಕಿನಲ್ಲಿ ಸಾರಿಯೇಬಿಟ್ಟ. ಜಾಲಿಮರದಿಂದ ಎಷ್ಟೋ ಆಚೆ, ಹೊಲದಲ್ಲಿ ಬಗ್ಗಿದ್ದವರು ಸೊಂಟ ನೆಟ್ಟಗೆ ಮಾಡಿ ಇತ್ತ ನೋಡಿದರು. ಇಬ್ಬರು ಕೊಯ್ತಾ ಕೆಳಗಿಟ್ಟು, ಕೈಬೀಸಿ ನಗುತ್ತ ರಸ್ತೆಯ ಕಡೆಗೆ ಬರತೊಡಗಿದರು. ನಡುವೆ ಅಣ್ಣಾಸಾಬ ಟಾವೆಲ್ ಎತ್ತಿಕೊಂಡು ಹಾಗೆಯೇ ನಿಂತಿದ್ದ. ಅವನ ಹೆಸರು ಅವನನ್ನು ದಾಟಿ ಹೋಗಿ ಕಬ್ಬಿನ ಹೊಲ ಮುಟ್ಟಿತ್ತು.

ಧನಪಾಲನ ನಗೆ ಅಲ್ಲೇ ಸತ್ತಿತು. ಮೈಕು ಆರಿಸಿ ಕಟ್ಟೆಯ ಕಡೆ ತಿರುಗಿದ. "ಕಾಕೂ, ಕಾಕಾಗ..." ಎಂದು ತನ್ನ ಕಿವಿ ಮುಟ್ಟಿ ತೋರಿಸಿದ.

"ನನಗ ಗೊತ್ತೈತಿ ತಮ್ಮಾ," ಎಂದಳು ತಾರವ್ವ. "ದೀಪಾವಳಿಯಿಂದ ಗೊತ್ತೈತಿ. ಜಲ್ಮೆಲ್ಲಾ ಆ ಭೋಂಗಾದ ಹಂತೇಕ ಕುಂತ ಒದರ್ಯಾರ. ಕಿವಿ ಏನ ಕಬ್ಬಣದ್ದೇನು?"

ಅಷ್ಟರಲ್ಲಿ ಅಣ್ಣಾಸಾಬ ಮರಳಿ ಬಂದು ಅವಳ ಬೆನ್ನ ಹಿಂದೆಯೇ ನಿಂತ. ಧನಪಾಲ ಗಾಬರಿಯಾಗಿ ಕಣ್ಸನ್ನೆ ಮಾಡಿದ. ತಾರವ್ವ ಹಿಂತಿರುಗಿ ನೋಡಲೂ ಇಲ್ಲ, ದನಿ ತಗ್ಗಿಸಲೂ ಇಲ್ಲ.

"ಇವರಿಗಿನ್ನಾ ತಿಳದಿಲ್ಲ. ತಿಳದ್ರ ಮೈಕ್ ಮುಟ್ಟಂಗಿಲ್ಲ, ಅನ್ನಾನೂ ಮುಟ್ಟಂಗಿಲ್ಲ. ಮಶೀನಿನ ಮ್ಯಾಲ ತಪ್ಪ ಹಾಕಪಾ. ನಿನ್ನ ಕಾಲ ಬೀಳ್ತೀನಿ."

ಗಂಡ ಮೊಳ ದೂರದಲ್ಲಿ ನಿಂತಿರುವಾಗ ಅವನದೇ ದುಃಖವನ್ನು ಹೆಂಡತಿ ಹೀಗೆ ಬಾಯಿಬಿಟ್ಟು ಹೇಳುತ್ತಿರುವುದನ್ನು ಕೇಳುತ್ತ ಧನಪಾಲ ತಲೆ ತಗ್ಗಿಸಿ ಮೈಕಿನ ವಾಯರು ಸುತ್ತತೊಡಗಿದ.

"ಏನಂತೈತಿ ಮಶೀನು?" ಎಂದ ಅಣ್ಣಾಸಾಬ.

ಧನಪಾಲ ಅವನ ಮುಖಕ್ಕೆ ಮುಖ ಕೊಟ್ಟು ಗಂಟಲು ಹರಿಯುವಂತೆ ಕೂಗಿದ. "ಮಶೀನು ಲಫಡಾದ್ದೈತ್ರಿ ಕಾಕಾ! ನೂರಂತ ಸುಳ್ಳ ಬರದಾರ!" ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೂ ಸುಳ್ಳು ಹೇಳಿದವನಂತೆ ಅವನಿಗೆ ನಾಚಿಕೆಯಾಯಿತು.

"ನಾ ಹೇಳಿದ್ನಿಲ್ಲೋ?" ಎಂದ ಅಣ್ಣಾಸಾಬ. ಅವನು ನೋಡುತ್ತಿದ್ದದ್ದು ಧನಪಾಲನನ್ನಲ್ಲ, ಹೆಂಡತಿಯ ಮುಖವನ್ನು. "ಹೋಗ್ಲಿ ಬಿಡು. ಖರೇ ನೂರಿಂದು ಕೊಲ್ಲಾಪುರದಾಗ ಸಿಗತೈತೇನು ಕೇಳಿ ಇಡು" ಎಂದು ಮಶೀನನ್ನು ಡಬ್ಬಿಗೆ ಹಾಕಿ ಗಾಡಿಗೆ ಕಿಕ್ ಹೊಡೆದ. ತಾರವ್ವ ಹಿಂದೆ ಹತ್ತಿ ಕುಳಿತಳು.

ಗಾಡಿ ರಸ್ತೆಗೆ ಇಳಿದು ನಟ್ಟನಡುವೆ ಸಾಗಿತು. ಹಿಂದಿನಿಂದ ಕಬ್ಬು ತುಂಬಿದ ಲಾರಿಯೊಂದು ಒಂದೇ ಸಮನೆ ಹಾರ್ನ್ ಬಾರಿಸುತ್ತ ನುಗ್ಗಿ ಬಂತು. ಚಹಾದಂಗಡಿಯವರು ಎದ್ದು ನಿಂತು ಕೂಗಿಕೊಂಡರು. ಧನಪಾಲ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ತಾರವ್ವ ಗಂಡನ ಎಡಭುಜವನ್ನು ಮೆಲ್ಲಗೆ ತಟ್ಟಿದಳು. ಅಣ್ಣಾಸಾಬ ತಿರುಗಿ ನೋಡಲಿಲ್ಲ, ಏನೆಂದು ಕೇಳಲೂ ಇಲ್ಲ. ಗಾಡಿಯನ್ನು ಸುಮ್ಮನೆ ಎಡಕ್ಕೆ ತೆಗೆದುಕೊಂಡ.